ಖಳಿಯಲ್ಲಿ ಅಂಟಿಕೊಂಡ ಎರಡು ದೇಶಗಳು

ಕಳೆದ ವಾರ ಸೊಸೆ ಶಹಾಬಾದಿನಿಂದ ಒಂದು ಹಳೆಯ ಭೂಪಟದ ಪುಸ್ತಕ ತಂದಳು. ಅವಳು ಕಲಿಸುವುದು ನಾನು ಓದಿದ ಕಾನ್ವೆಂಟಿನಲ್ಲೇ. "ಲೈಬ್ರರಿ ಖಾಲಿ ಮಾಡ್ಲಿಕತ್ತಾರ್ರೀ ಅತ್ತಿ. ರದ್ದಿಗಿ ಹಾಕೋರಿದ್ರು, ನಿಮ್ಮ ಕಾಲದ್ದು ಅದ ಅಂತ ಎತ್ಕೊಂಡು ಬಂದೆ," ಎಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಕೈ ಒರೆಸಿಕೊಂಡು ರಟ್ಟು ತೆರೆದೆ. ಹಳೆಯ ಗೋಧಿಹಿಟ್ಟಿನ ಹುಳಿ, ಅದರ ಹಿಂದೆ ತೊಳೆಯದ ತಾಮ್ರದ ಚೊಂಬಿನಂಥ ಇನ್ನೊಂದು ವಾಸನೆ... ಐವತ್ತು ವರ್ಷ ದಾಟಿದರೂ ಮೂಗು ಮರೆತಿರಲಿಲ್ಲ. ಅದು ಬೈಂಡಿಂಗ್ ಚಾಚಾನ ಖಳಿ, ಪುಸ್ತಕಕ್ಕೆ ಹಚ್ಚುವ ಹಿಟ್ಟಿನ ಅಂಟು.

ಅಪ್ಪ ಆಗ ವಾಡಿಯಲ್ಲಿ ರೈಲ್ವೆ ಗಾರ್ಡ್. ನಾನು ಪ್ಯಾಸೆಂಜರ್ ಗಾಡಿಯಲ್ಲಿ ಶಹಾಬಾದಿಗೆ ಹೋಗಿ ಬರುತ್ತಿದ್ದೆ. ಸಂಜೆ ಗಾಡಿ ಬರುವವರೆಗೆ ಸ್ಟೇಷನ್ ಹತ್ತಿರದ ಚಾಚಾನ ಅಂಗಡಿಯಲ್ಲಿ ಕುಳಿತಿರಬೇಕೆಂದು ಅವ್ವ ಹೇಳಿಟ್ಟಿದ್ದಳು. ನೆಲಕ್ಕೆ ಫರ್ಶಿ ಕಲ್ಲು ಹಾಕಿದ ಸಣ್ಣ ಅಂಗಡಿ, ಅದರ ಮೂಲೆಯಲ್ಲಿ ಖಳಿ ಕುದಿಸುವ ಪಾತ್ರೆ. ಹುಳ ಹತ್ತದಿರಲೆಂದು ಚಾಚಾ ಅದಕ್ಕೆ ಚಿಟಿಕೆ ನೀಲಿ ಮೈಲುತುತ್ತ ಹಾಕುತ್ತಿದ್ದ. ಅವನ ಉಗುರುಗಳ ಅಂಚು ಸದಾ ತಿಳಿನೀಲಿ.

ಜೂನ್ ಬಂತೆಂದರೆ ನಮ್ಮ ಕಾನ್ವೆಂಟಿನ ಪುಸ್ತಕಗಳಿಗೆಲ್ಲ ಅವನೇ ಬೈಂಡು ಹಾಕುತ್ತಿದ್ದ. ವರ್ಷದ ಅರ್ಧ ಊಟ ಆ ಒಂದು ತಿಂಗಳಿನಿಂದಲೇ ಎಂದು ಚಾಚಿ ಹೇಳುವುದನ್ನು ಕೇಳಿದ್ದೆ. ನಾನಲ್ಲಿ ಓದಿದ ಕೊನೆಯ ವರ್ಷ ಹೊದಿಕೆಗೆ ಬಳಸಿದ್ದು ರಷ್ಯಾದಿಂದ ಬರುತ್ತಿದ್ದ ಒಂದು ಪತ್ರಿಕೆಯ ಹಾಳೆಗಳನ್ನು. ಕಲ್ಲುಗಣಿಯವರ ಯೂನಿಯನ್ ಆಫೀಸಿಗೆ ಬಂದದ್ದು, ಓದಿಯಾದ ಮೇಲೆ ರದ್ದಿಯಾಗಿ ಅವನ ಕೈ ಸೇರುತ್ತಿತ್ತು. ದಪ್ಪ, ನುಣುಪು ಕಾಗದ. ಹಿಮದಲ್ಲಿ ನಗುವ ಹೆಂಗಸರು, ಟ್ರ್ಯಾಕ್ಟರ್, ಆಕಾಶಕ್ಕೆ ಹಾರಲು ನಿಂತ ರಾಕೆಟ್. ನನ್ನ ಗಣಿತದ ಪುಸ್ತಕಕ್ಕೆ ತಲೆಗೆ ಕೆಂಪು ರುಮಾಲು ಕಟ್ಟಿದ ಒಬ್ಬ ಹುಡುಗಿ ಸಿಕ್ಕಿದ್ದಳು.

ಖಳಿಗೆ ಮಾತ್ರ ಅಮೆರಿಕದ ಗೋಧಿ. ಕಾನ್ವೆಂಟಿನ ಸಿಸ್ಟರುಗಳು ಬಡವರಿಗೆ ಹಂಚುತ್ತಿದ್ದ ಚೀಲ, ಚಾಚಾನ ಮನೆಗೂ ಒಂದು ಬರುತ್ತಿತ್ತು. ಅದರ ಮೇಲೆ ಎರಡು ಕೈ ಒಂದನ್ನೊಂದು ಹಿಡಿದ ಚಿತ್ರ. ಜೋಳದ ರೊಟ್ಟಿ ಬಡಿಯುವ ಚಾಚಿಗೆ ಆ ಕೆಂಪು ಗೋಧಿ ಒಗ್ಗಲೇ ಇಲ್ಲ.

"ರೊಟ್ಟಿ ಮಾಡಿದ್ರ ಚಪ್ಪಲಿ ಆಗ್ತದ," ಎನ್ನುತ್ತಿದ್ದಳು. "ಇವ್ರ ಹಲ್ಲು ಒಂದು ಹೋಗಿ ಬಿಟ್ಟದ ನೋಡು."

ಚಾಚಾ ನಗುತ್ತಿದ್ದ. "ಇಬ್ಬರು ಸಾಹುಕಾರ್ರು ಜಗಳ ಆಡ್ಲಿಕತ್ತಾರ ಬೇಟಿ. ನಮ್ಮನ್ನ ತಮ್ಮ ಕಡಿ ಮಾಡ್ಕೊಬೇಕಂತ ಒಬ್ಬಾಂವ ಗೋಧಿ ಕಳಸ್ತಾನ, ಒಬ್ಬಾಂವ ಕಾಗದ. ನಂಗ ಎರಡೂ ಬೇಕು. ಒಂದು ಇಲ್ಲಂದ್ರ ಇನ್ನೊಂದು ಅಂಟಂಗಿಲ್ಲ."

ಕಾನ್ವೆಂಟಿನಲ್ಲಿ ದಿನಾ ಶಾಲೆ ಬಿಡುವ ಮುಂಚಿನ ಜಪಮಾಲೆಯ ಕೊನೆಗೆ ರಷ್ಯಾಕ್ಕಾಗಿ ಒಂದು ಪ್ರಾರ್ಥನೆ ಇರುತ್ತಿತ್ತು. ಲಿಂಗ ಕಟ್ಟಿಕೊಂಡ ನಾನೂ ಕಣ್ಣು ಮುಚ್ಚಿ ಹೇಳುತ್ತಿದ್ದೆ. ರಷ್ಯಾ ಎಂದರೆ ಬಹಳ ದಿನದಿಂದ ಹಾಸಿಗೆ ಹಿಡಿದ ಯಾರೋ ಎಂದೇ ಎಷ್ಟೋ ದಿನ ನಂಬಿದ್ದೆ. ಅಲ್ಲಿ ಗುಡಿ ಚರ್ಚುಗಳಿಗೆ ಬೀಗ ಹಾಕಿದ್ದಾರೆಂಬುದು ಸಿಸ್ಟರುಗಳ ಸಂಕಟ ಎಂದು ತಿಳಿದದ್ದು ದೊಡ್ಡವಳಾದ ಮೇಲೆ.

ಆ ಜೂನಿನ ಒಂದು ಶುಕ್ರವಾರ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನ ಗಣಿತದ ಪುಸ್ತಕ ಎತ್ತಿಕೊಂಡರು. ಮಂಗಳೂರಿನ ಕಡೆಯವರು, ದನಿ ಎತ್ತಿದ್ದೇ ಇಲ್ಲ. ಕೆಂಪು ರುಮಾಲಿನ ಹುಡುಗಿಯ ಮೇಲೆ ಬೆರಳಾಡಿಸಿದರು.

"ಇದು ಯಾರು ಹಾಕಿಕೊಟ್ಟದ್ದು ಮಗಾ?"

ನಾನು ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಸಿಸ್ಟರಿಗೆ ಖುಷಿಯಾದೀತೆಂದು, "ಖಳಿ ನಿಮ್ಮ ಗೋಧೀದೇ ಸಿಸ್ಟರ್, ಭಾಳ ಗಟ್ಟಿ ಹಿಡಿತದ," ಎಂದೂ ಸೇರಿಸಿದೆ. ತರಗತಿ ನಕ್ಕಿತು. ಸಿಸ್ಟರ್ ನಗಲಿಲ್ಲ. ಹಸಿದವರಿಗೆಂದು ಕೊಟ್ಟ ಗೋಧಿ ಖಳಿಯಾಗಿತ್ತಲ್ಲ... "ನಾಳೆ ಬಂದು ನನ್ನನ್ನು ಕಾಣಲಿಕ್ಕೆ ಹೇಳು ಅವರಿಗೆ," ಎಂದಷ್ಟೇ ಹೇಳಿ ಪುಸ್ತಕ ಕೊಟ್ಟರು.

ಸಂಜೆ ನಾನೇ ಆ ಮಾತು ಮುಟ್ಟಿಸಿದೆ. ಚಾಚಾನ ಕೈಯಲ್ಲಿದ್ದ ಬ್ರಷ್ ಪಾತ್ರೆಯಲ್ಲೇ ನಿಂತಿತು.

"ಗೋಧೀದೂ ಹೇಳಿದೇನು?"

ತಲೆಯಾಡಿಸಿದೆ. ಅವನು ಬಯ್ಯಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟಾಗ ಚಾಚಾ ಗೇಟಿನೊಳಗೆ ಬರುತ್ತಿದ್ದ. ಈದಿಗೆ ಹಾಕುವ ಕೋಟು, ಉಜ್ಜಿ ಉಜ್ಜಿ ತೊಳೆದ ಕೈ. ಉಗುರಿನ ನೀಲಿ ಮಾತ್ರ ಹೋಗಿರಲಿಲ್ಲ. ಸೋಮವಾರ ಹೋದರೆ ಅಂಗಡಿಯ ಬಾಗಿಲು ಮುಚ್ಚಿತ್ತು. ಮಂಗಳವಾರ ಅಪ್ಪನಿಗೆ ಸೊಲ್ಲಾಪುರಕ್ಕೆ ವರ್ಗದ ಆರ್ಡರ್ ಬಂತು. ನಾನು ಮತ್ತೆ ಆ ಶಾಲೆಗೆ ಹೋಗಲೇ ಇಲ್ಲ.

ಎಷ್ಟೋ ವರ್ಷದ ಮೇಲೆ ಮದುವೆಯಾಗಿ ಚಿತ್ತಾಪುರಕ್ಕೆ ಬಂದಾಗ ಒಮ್ಮೆ ಹುಡುಕಿಕೊಂಡು ಹೋದೆ. ಅಂಗಡಿ ಇದ್ದಲ್ಲಿ ಸೈಕಲ್ ರಿಪೇರಿ. ಚಾಚಾ ತೀರಿಹೋಗಿ ಬಹಳ ದಿನವಾಯಿತು, ಚಾಚಿ ತವರಿನ ಕಡೆ ಹೋದಳು ಎಂದರು. ಕಾನ್ವೆಂಟಿನ ಕೆಲಸ ಏನಾಯಿತೆಂದು ಕೇಳುವ ಧೈರ್ಯ ಬರಲಿಲ್ಲ. ಮಕ್ಕಳ ಪುಸ್ತಕಗಳಿಗೆ ಹೊದಿಕೆ ಹಾಕಲು ಕುಳಿತಾಗೆಲ್ಲ ಆ ಮುಚ್ಚಿದ ಬಾಗಿಲು ಕಣ್ಣೆದುರು ನಿಲ್ಲುತ್ತಿತ್ತು. ಒಬ್ಬರ ಅನ್ನದ ಮೇಲೆ ಕಲ್ಲು ಹಾಕಿದೆನಲ್ಲ ಎಂದು...

ಈ ಭೂಪಟದ ಮೊದಲ ಹಾಳೆಯಲ್ಲಿ ಆ ಸಿಸ್ಟರರ ಓರೆ ಅಕ್ಷರ ಇತ್ತು. "ಹೊಸದಾಗಿ ಬೈಂಡು ಮಾಡಿಸಿದ್ದು" ಎಂದು, ಕೆಳಗೆ ಇಸವಿ. ನಾವು ಊರು ಬಿಟ್ಟ ಮೂರು ವರ್ಷದ ನಂತರದ್ದು. ಎರಡು ಸಲ ಬೆರಳು ಮಡಚಿ ಎಣಿಸಿದೆ. ಹಿಂದಿನ ರಟ್ಟಿನ ಒಳಗೆ ಅಂಟಿಸಿದ ಬಿಳಿ ಹಾಳೆಯ ಒಂದು ಮೂಲೆ ಎದ್ದಿತ್ತು. ಮೆಲ್ಲಗೆ ಎತ್ತಿದೆ. ಅಡಿಯಲ್ಲಿ ನುಣುಪು ಕಾಗದ, ಹಿಮ, ಒಂದು ಟ್ರ್ಯಾಕ್ಟರಿನ ಗಾಲಿ. ಅಂಟಿನ ಅಂಚಿನಲ್ಲಿ ತಿಳಿನೀಲಿ.

ಚಾಚಾನ ಕೆಲಸ ಹೋಗಿರಲಿಲ್ಲ. ಚಿತ್ರ ಮಾತ್ರ ಒಳಗೆ ಹೋಗಿತ್ತು. ಆ ಸೋಮವಾರ ಬಾಗಿಲು ಯಾಕೆ ಮುಚ್ಚಿತ್ತೋ, ಯಾರ ಮದುವೆಗೆ ಹೋಗಿದ್ದರೋ...

"ಯಾಕ್ರೀ ಅತ್ತಿ, ಅಳ್ಲಿಕತ್ತೀರೇನು?" ಸೊಸೆ ಕೇಳಿದಳು.

"ಇಲ್ಲವ್ವಾ. ಗ್ಯಾಸ್ ಮ್ಯಾಲೆ ಸಣ್ಣ ಪಾತ್ರಿ ಇಡು."

ಭೂಪಟದಲ್ಲಿ ಒಂದೇ ಬಣ್ಣದಲ್ಲಿ ಹರಡಿಕೊಂಡಿದ್ದ ಆ ದೊಡ್ಡ ದೇಶ ಈಗ ಹಾಗಿಲ್ಲ. ಅಮೆರಿಕದ ಚೀಲಗಳೂ ಬರುವುದಿಲ್ಲ. ಸಿಸ್ಟರ್ ಇಲ್ಲ, ಚಾಚಾ ಇಲ್ಲ. ಅವನ ಹತ್ತಿರ ಒಂದು ಮಾತು ಹೇಳುವುದು ಉಳಿದೇ ಹೋಯಿತು. ಡಬ್ಬಿಯಿಂದ ಒಂದು ಚಮಚ ನಮ್ಮದೇ ಗೋಧಿಹಿಟ್ಟು ತೆಗೆದು ಖಳಿ ಕುದಿಸಿದೆ. ಎದ್ದ ಮೂಲೆಗೆ ಸವರಿ, ಹಿಮವನ್ನೂ ಗಾಲಿಯನ್ನೂ ಒಳಗಿಟ್ಟು, ಒಣಗುವವರೆಗೆ ಅಂಗೈಯಿಂದ ಒತ್ತಿ ಹಿಡಿದು ಕುಳಿತೆ.