ಶಾಸಕರ ಸೀಟು

1979ರಲ್ಲಿ ನಾನು ಚನ್ನಗಿರಿ–ದಾವಣಗೆರೆ ಸರ್ಕಾರಿ ಬಸ್ಸಿನ ಕಂಡಕ್ಟರ್. ಮುಂದಿನ ಒಂದು ಸೀಟಿನ ಮೇಲೆ ‘ಶಾಸಕರಿಗೆ’ ಎಂದು ಬರೆದಿರುತ್ತಿತ್ತು. ಶಾಸಕರು ಖುದ್ದಾಗಿ ಬಂದು ಪಾಸು ತೋರಿಸಿದರೆ ಆ ಸೀಟು ಅವರದು, ಇಲ್ಲವಾದರೆ ಯಾರು ಬೇಕಾದರೂ ಕೂರಬಹುದು. ಶಾಸಕ ಎಂದರೆ ಶಾಸನ ಮಾಡಲು ಜನ ಆರಿಸಿ ಕಳಿಸಿದವನು, ಅಷ್ಟೇ. ನಮ್ಮ ಕಡೆ ಮಾತ್ರ ಆ ಪದ ಅವರ ಭಾವ, ಭಾವಮೈದ, ಕಾರಿನ ಡ್ರೈವರ್‌ವರೆಗೂ ಹಬ್ಬಿತ್ತು.

ಅಂದು ಸಂತೆಯ ದಿನ, ಬಸ್ಸು ತುಂಬಿ ತುಳುಕುತ್ತಿತ್ತು. ಆ ಸೀಟಿನಲ್ಲಿ ನಾನೇ ಒಬ್ಬ ತುಂಬು ಗರ್ಭಿಣಿಯನ್ನು ಕೂರಿಸಿದ್ದೆ. ಬಳೆ ಮಾರುವ ಸಾಬರ ಮಗಳು ಮುಮ್ತಾಜ್. ಕಾಲು ಊದಿತ್ತು. ತಡಮಾಡದೆ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚನ್ನಗಿರಿಯ ಡಾಕ್ಟರ್ ಹೇಳಿದ್ದರಂತೆ. ಅವಳ ತಾಯಿ ಪಕ್ಕದಲ್ಲೇ ನಿಂತಿದ್ದಳು.

ಸಂತೆಬೆನ್ನೂರಿನಲ್ಲಿ ಗರಿಗರಿ ಬಿಳಿ ಅಂಗಿಯವನೊಬ್ಬ ಹತ್ತಿ, ಏಳು ಎಂದು ಅವಳಿಗೆ ಕೈಸನ್ನೆ ಮಾಡಿದ. ತಾನು ಶಾಸಕರ ಭಾವಮೈದನಂತೆ. ನನಗೆ ಮೈಯೆಲ್ಲ ಉರಿಯಿತು.

“ಶಾಸಕರು ನೀವೋ, ನಿಮ್ಮ ಭಾವನೋ? ಪಾಸು ಇದ್ರೆ ತೋರ್ಸ್ರಿ, ಇಲ್ಲಾಂದ್ರೆ ಟಿಕೆಟ್ ತಗಂಡು ನಿಂತ್ಕಳ್ರಿ,” ಎಂದೆ.

ಅವನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನ ಹಿರಿಯರೊಬ್ಬರು, “ಏಳವ್ವ, ಶಾಸಕರ ಮನೆಯವ್ರು. ಸುಮ್ನೆ ಯಾಕೆ ರಗಳೆ?” ಎಂದರು. ಅವಳು ಎದ್ದಳು, ಅವನು ಕೂತ. ಇವಳಿಗೆ ಯಾರಾದರೂ ಜಾಗ ಬಿಡಿ ಎಂದು ಕೂಗಿದೆ. ಎಲ್ಲರಿಗೂ ಕಿಟಕಿಯಾಚೆ ಏನೋ ಕಾಣತೊಡಗಿತು. ನನ್ನ ಸೀಟನ್ನೇ ಕೊಡಲು ಹೋದೆ, ಅದು ಹಿಂದಿನ ಚಕ್ರದ ಮೇಲಿತ್ತು; ಆ ಕುಕ್ಕಾಟ ಬೇಡವೆಂದು ಅವಳ ತಾಯಿ ಒಪ್ಪಲಿಲ್ಲ. ಅವನು ಏಳುವವರೆಗೆ ಬಸ್ಸು ಹೊರಡದು ಎಂದು ನಾನು ರೈಟ್ ಹೇಳದೆ ನಿಂತೆ. ಜನ ನನ್ನ ಮೇಲೇ ಹರಿಹಾಯ್ದರು.

ಕೊನೆಗೆ ಮುಮ್ತಾಜಳೇ, “ರೈಟ್ ಹೇಳ್ರಿ ಅಣ್ಣಾ. ನನಗೆ ಸೀಟು ಬ್ಯಾಡ, ಆಸ್ಪತ್ರೆ ಮುಟ್ಟಿದ್ರೆ ಸಾಕು,” ಎಂದಳು. ಹಲ್ಲು ಕಚ್ಚಿ ರೈಟ್ ಎಂದೆ. ದಾವಣಗೆರೆಯವರೆಗೂ ಅವಳು ಕಂಬಿ ಹಿಡಿದೇ ನಿಂತಿದ್ದಳು.

ತಾಯಿ, ಮಗು ಇಬ್ಬರೂ ಉಳಿದರೆಂದು ಆಮೇಲೆ ತಿಳಿಯಿತು. ನನಗೆ ಬಂದದ್ದು ಶಾಸಕರಿಗೆ ಅಗೌರವ ತೋರಿದೆನೆಂಬ ಮೆಮೊ, ಅದರ ಹಿಂದೆಯೇ ಜಗಳೂರು ರೂಟಿಗೆ ವರ್ಗ. ಆ ಬಸ್ಸಿನಲ್ಲಿ ಶಾಸಕರೇ ಇರಲಿಲ್ಲವಲ್ಲ ಸಾರ್ ಎಂದು ವಿಚಾರಣೆಯಲ್ಲಿ ಕೇಳಿದೆ. ಸಾಹೇಬರು ಕಾಗದ ಮುಂದೆ ತಳ್ಳಿ, ಸಹಿ ಹಾಕು ಎಂದರು.

ಬಿಳಿ ಅಂಗಿಯವನ ಮೇಲಿನ ಸಿಟ್ಟು ಎಂದೋ ಆರಿತು. ಉಳಿದವರ ಮೇಲಿನದು ಇನ್ನೂ ಆರಿಲ್ಲ. ಶಾಸಕ ಎಂಬ ಪದಕ್ಕೆ ಹೆದರಿಕೆಯ ಅರ್ಥ ಕೊಡುವವರು ನಾವೇ ಎಂದು ಆ ನೌಕರಿ ನನಗೆ ಕಲಿಸಿತು. ಶಾಸಕರನ್ನು ಆರಿಸುವ ಓಟು ಉಳ್ಳವರು ಅಂದು ಬಸ್ಸಿನ ತುಂಬ ಕೂತಿದ್ದರು. ಒಬ್ಬರೂ ಏಳಲಿಲ್ಲ.