ಒಲೆಗೂ ಒಂದು ಭಾನುವಾರ

ಸೋಮವಾರದ ಬೆಳಗಿನ ಜಾವ. ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ ಬನ್ ಮಾವ ಇಟ್ಟಿಗೆಯ ಒಲೆಯ ಮುಂದೆ ಮಂಡಿಯೂರಿ ಕೂತಿದ್ದಾರೆ. ಒಲೆಯ ಬಾಯಿಗೆ ಕಬ್ಬಿಣದ ಬಾಗಿಲು, ಅದರ ಸುತ್ತ ಮೆತ್ತಿದ ಹಿಟ್ಟು ಒಣಗಿ ಬಿರುಕು ಬಿಟ್ಟಿದೆ. ಚಾಕುವಿನಿಂದ ಹಿಟ್ಟು ಕೆರೆದು, ಬಾಗಿಲು ಸರಿಸಿ, ಒಳಗೆ ಕೈ ಚಾಚುತ್ತಾರೆ. ಮುಖ ಅರಳುತ್ತದೆ.

"ಬನ್ನಿ, ನೀವೂ ಮುಟ್ಟಿ ನೋಡಿ. ಹೆದರ್ಬೇಡಿ, ಅಂಚಿನ ಇಟ್ಟಿಗೆ ಸುಡಲ್ಲ."

ಪತ್ರಿಕೆಗೆ ಬರೆಯಲು ಬಂದ ನಾನೂ ಮುಟ್ಟುತ್ತೇನೆ. ಶನಿವಾರ ಸಂಜೆ ಮುಚ್ಚಿದ ಒಲೆ ಜ್ವರ ಬಂದ ಮಗುವಿನ ಹಣೆಯಷ್ಟು ಬೆಚ್ಚಗಿದೆ. ಆಳದಲ್ಲಿ ಇನ್ನೂ ಬಿಸಿ ಇದೆಯಂತೆ.

ಬೀದಿಯ ಮಕ್ಕಳಿಟ್ಟ ಹೆಸರು ಬನ್ ಮಾವ. ಶಾಲೆಯ ಮಕ್ಕಳ ಡಬ್ಬಿಗೆ, ಆಸ್ಪತ್ರೆಯ ಬೆಳಗಿನ ತಿಂಡಿಗೆ, ಚರ್ಚಿನಲ್ಲಿ ಭಾನುವಾರ ಹಂಚುವ ಪ್ರಭುಭೋಜನಕ್ಕೆ ರೊಟ್ಟಿ ಹೋಗುವುದು ಇದೇ ಒಲೆಯಿಂದ. ದಿನಕ್ಕೆ ಸುಮಾರು ನಾನೂರು ಬನ್ನು, ನೂರು ಬ್ರೆಡ್ಡು. ತಿಂದವರು ಊರೆಲ್ಲ ಇದ್ದಾರೆ, ಬೇಯಿಸಿದವರ ಮುಖ ನೋಡಿದವರು ಬೆರಳೆಣಿಕೆಯಷ್ಟೇ.

ಒಲೆ ಅಪ್ಪನಿಂದ ಬಂದದ್ದು. ಕೊನೆಗಾಲದಲ್ಲಿ ಅಪ್ಪ ಮಗನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಒಲೆ ಆರಬಾರ್ದು ಮಗಾ." ಆ ಮಾತಿಗೆ ಕಟ್ಟುಬಿದ್ದು ಮಗ ವರ್ಷಗಟ್ಟಲೆ ಒಂದು ದಿನವೂ ಬೆಂಕಿ ಆರಲು ಬಿಡಲಿಲ್ಲ. ಭಾನುವಾರ ಚರ್ಚಿಗೆ ರೊಟ್ಟಿ ಮುಟ್ಟಿಸಿ ಹಿಂಬಾಗಿಲಿನಿಂದಲೇ ಓಡಿಬರುತ್ತಿದ್ದರು. "ದೇವರ ಮನೆಗೆ ಕೊರಿಯರ್‌ನವನ ಹಾಗೆ ಹೋಗ್ತಿದ್ದೆ" ಎಂದು ನಗುತ್ತಾರೆ.

ಅವರ ಹೆಂಡತಿಗೆ ನಗು ಬರುವುದಿಲ್ಲ. "ಮಾತಾಡಿಸಿದ್ರೆ ಹರಿಹಾಯ್ತಿದ್ರು. ತಟ್ಟೆ ಮುಂದೆ ಕೂತ್ರೆ ತೂಕಡಿಸ್ತಿದ್ರು. ಮಗಳು ಬೆಳೆದದ್ದೇ ಇವರಿಗೆ ಗೊತ್ತಾಗ್ಲಿಲ್ಲ."

ಒಂದು ಭಾನುವಾರ ರೊಟ್ಟಿ ಕೊಟ್ಟ ಮಾವ, ಒಂದು ನಿಮಿಷ ಎಂದು ಕೊನೆಯ ಬೆಂಚಿನಲ್ಲಿ ಕೂತರು. ಕಣ್ಣು ಬಿಟ್ಟಾಗ ಚರ್ಚು ಖಾಲಿ, ಪಕ್ಕದಲ್ಲಿ ಪಾಸ್ಟರ್.

"ತಪ್ಪಾಯ್ತು ಪಾಸ್ಟರೇ, ನಿದ್ದೆ ಬಂದ್ಬಿಡ್ತು."

"ಬರ್ಲಿ ಬಿಡಯ್ಯಾ. ಎಚ್ಚರ ಇದ್ದೋರು ಗಡಿಯಾರ ನೋಡ್ತಿದ್ರು. ಲೋಕ ಮಾಡಿದ ದೇವರೇ ಏಳನೇ ದಿನ ಕೆಲಸ ಬಿಟ್ಟು ಕೂತ. ನೀನೊಂದು ದಿನ ಕೂತ್ರೆ ಲೋಕ ನಿಂತು ಹೋಗುತ್ತಾ?"

ಮಾತು ನಾಟಿತು. ಮುಂದಿನ ಶನಿವಾರ ಸಂಜೆ ಬೆಂಕಿಗೆ ಸೌದೆ ಹಾಕಲಿಲ್ಲ. ಸೋಮವಾರ ಬಂದು ನೋಡಿದರೆ ಒಲೆ ತಣ್ಣಗೆ ಕೊರೆಯುತ್ತಿದೆ. ಗಾಬರಿಯಲ್ಲಿ ಎರಡರಷ್ಟು ಸೌದೆ ತುರುಕಿದರು. ಬ್ರೆಡ್ಡು ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ಕೊಂಡವರೆಲ್ಲ ತಂದು ವಾಪಸ್ ಕೊಟ್ಟರು. ಎದುರಿನ ಚಹಾದಂಗಡಿಯವನು, "ಮಾವ, ರಜಾ ತಗೊಂಡಿದ್ದು ನೀವೋ, ಬ್ರೆಡ್ಡೋ?" ಎಂದು ಕಿಚಾಯಿಸಿದ.

"ಅಪ್ಪನ ಮಾತು ಮುರಿದೆ ಅಂತ ಅತ್ಬಿಟ್ಟೆ" ಎನ್ನುತ್ತಾರೆ ಮಾವ. "ಭಾನುವಾರದ ಸಹವಾಸವೇ ಸಾಕು ಅನ್ನಿಸ್ತು."

ಆ ವಾರವೇ ಹೆಂಡತಿ ಕಸ ಗುಡಿಸಲೆಂದು ಸೌದೆ ರಾಶಿ ಸರಿಸಿದರು. ಅಡಿಯಲ್ಲಿ ಹಿಡಿಯಿದ್ದ ಕಬ್ಬಿಣದ ಹಲಗೆಯೊಂದು ಸಿಕ್ಕಿತು. ಅಳತೆ ನೋಡಿದರೆ ಒಲೆಯ ಬಾಯಿಗೆ ಸರಿಯಾಗಿ ಕೂರುತ್ತದೆ! ಅಪ್ಪನಾಗಲಿ ಮಗನಾಗಲಿ ಒಂದು ದಿನವೂ ಒಲೆ ಮುಚ್ಚಿದವರಲ್ಲ. ಹಾಗಾಗಿ ಅದರ ಬಾಗಿಲು ಸೌದೆಗೆ ಹಾಸಿಗೆಯಾಗಿತ್ತು.

"ಒಲೆ ಕಟ್ಟಿದೋನು ಸುಮ್ಸುಮ್ನೆ ಬಾಗಿಲು ಮಾಡ್ತಾನೇನ್ರೀ?" ಎಂದರಂತೆ ಹೆಂಡತಿ. "ಮುಚ್ಲಿ ಅಂತಾನೇ ಮಾಡಿರೋದು."

ಆ ಶನಿವಾರ ಸಂಜೆ ಕೆಂಡ ಎಳೆದು, ಗಂಡಹೆಂಡತಿ ಇಬ್ಬರೂ ಬಾಗಿಲು ಕೂರಿಸಿದರು. ಸಂದಿಗೆ ಉಳಿದ ಹಿಟ್ಟು ಮೆತ್ತಿದರು. ಭಾನುವಾರವಿಡೀ ಮಾವನ ಜೀವ ಒಲೆಯಲ್ಲೇ ಇತ್ತು. ಸೋಮವಾರ ಬಾಗಿಲು ಸರಿಸಿ ಒಳಗೆ ಕೈ ಇಟ್ಟರು. ಬೆಚ್ಚಗಿತ್ತು.

"ಅಪ್ಪನ ಒಲೆ ಆರಿರ್ಲಿಲ್ಲ ಸ್ವಾಮಿ! ಇಷ್ಟು ವರ್ಷ ಬಾಯಿ ತೆರೆದಿಟ್ಟು ಸೌದೆ ಹಾಕಿದ್ದೇ ಹಾಕಿದ್ದು. ನಾನು ಮಲಗಿದ್ದಾಗ್ಲೂ ಅದನ್ನ ಬೆಚ್ಚಗಿಡೋನು ಒಬ್ಬ ಇದ್ದಾನೆ ಅಂತ ಅವತ್ತು ನಂಬಿಕೆ ಬಂತು."

ನಂಬಿಕೆ ಬಂದರೂ ಅಭ್ಯಾಸ ಬರಲು ಸಮಯ ಹಿಡಿಯಿತು. "ಸುಮ್ನಿರೋದೂ ಒಂದು ಕಸುಬು ಕಣ್ರೀ, ಕಲೀಬೇಕು. ಪ್ರಾರ್ಥನೆ ಮಧ್ಯೆ ನನ್ನ ಬೆರಳು ಹಿಟ್ಟು ನಾದ್ತಿದ್ವು." ಆಸ್ಪತ್ರೆಯ, ಚರ್ಚಿನ ಭಾನುವಾರದ ಬ್ರೆಡ್ಡು ಈಗ ಶನಿವಾರವೇ ಹೋಗುತ್ತದೆ. ದೊಡ್ಡ ಹೋಟೆಲಿನವರು ಒಪ್ಪದೆ ಬೇರೆ ಕಡೆ ಹೋದರು. ಮಾವ ಬೆನ್ನು ಹತ್ತಲಿಲ್ಲ. ಈಗ ಆರಾಧನೆ ಮುಗಿಯುವ ತನಕ ಅದೇ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ, ಮಧ್ಯಾಹ್ನ ಮಗಳ ಜೊತೆ ಹರಟುತ್ತಾ ನಡೆಯಲು ಹೋಗುತ್ತಾರೆ. ಭಾನುವಾರದ ಪುರವಣಿ ತುಂಬಿಸಲು ವಾರವಿಡೀ ಓಡುವ ನನಗೆ ಹೊಟ್ಟೆಕಿಚ್ಚಾಗುತ್ತದೆ ಎಂದು ಬಾಯಿಬಿಟ್ಟೇ ಹೇಳುತ್ತೇನೆ. ಮಾವ ಅಂದಿನ ಮೊದಲ ಸುತ್ತಿನ ಬಿಸಿ ಬನ್ನು ಕೈಗಿಟ್ಟು, "ಮೊದ್ಲು ಕೂತ್ಕೊಂಡು ತಿನ್ನಿ" ಎನ್ನುತ್ತಾರೆ.

ಓದು ಮುಗಿಸಿದ ಮಗಳು ಒಲೆ ತಾನೇ ನೋಡಿಕೊಳ್ಳುವುದಾಗಿ ಹಟ ಹಿಡಿದಿದ್ದಾಳೆ. ಸೆರಗಿಗೆ ಬದಲು ಏಪ್ರನ್ ಕಟ್ಟಿ ಬಾಗಿಲಿನ ಅಂಚಿಗೆ ಅಂಟಿದ ಹಿಟ್ಟು ಕೆರೆಯುತ್ತಿದ್ದಾಳೆ. ನಿಮಗೇನಾದರೂ ಆಸೆ ಇದೆಯೇ ಎಂದು ಮಾವನನ್ನು ಕೇಳುತ್ತೇನೆ. ಅವರು ಮಗಳ ಕಡೆ ಕೈ ತೋರುತ್ತಾರೆ.

"ನಮ್ಮಪ್ಪ ನಂಗೆ ಒಲೆ ಕೊಟ್ಟ. ನಾನು ಇವಳಿಗೆ ಬಾಗಿಲನ್ನೂ ಸೇರಿಸಿ ಕೊಡ್ತಿದ್ದೀನಿ. ಮುಚ್ಚೋಕೆ ಮರೀದಿದ್ರೆ ಸಾಕು."