ಅಕ್ಕನ ಪಾತಿ

ಆ ವರ್ಷದ ಮಂಜು ಈಗಲೂ ನನ್ನ ಕಣ್ಣಲ್ಲಿದೆ. ಹೊಸೂರಿನ ಹತ್ತಿರ, ಬೇರಿಕೆ ಕಡೆಯ ನಮ್ಮ ಹಳ್ಳಿಯಲ್ಲಿ ಬೆಳಗಾದರೂ ಹೊಲ ಕಾಣುತ್ತಿರಲಿಲ್ಲ, ಕ್ಯಾರೆಟ್ ಸೊಪ್ಪಿನ ವಾಸನೆ ಮಾತ್ರ ಅಂಗಳದವರೆಗೆ ಬರುತ್ತಿತ್ತು. ಆ ಬಿಳುಪಿನೊಳಗಿಂದ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ನಡೆದು ಬರುತ್ತಿದ್ದಳು. ಮೊದಲು ಕಾಲ್ಗೆಜ್ಜೆ ಕೇಳುತ್ತಿತ್ತು, ಆಮೇಲೆ ಅಕ್ಕ ಕಾಣುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಭಾವನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ನೋಡಿಕೊಳ್ಳುವವರಿಲ್ಲ ಎಂದು ಅಕ್ಕ ಬೇಗನೆ ತವರಿಗೆ ಬಂದಿದ್ದಳು.

ಹಿಂದಿನ ಸಲ ಅವಳು ಬಸುರಿಯಾಗಿದ್ದಾಗ ಭೇದಿ, ಜ್ವರ ಹಿಡಿದು ಮಗು ಉಳಿದಿರಲಿಲ್ಲ. ಈ ಸಲವಾದರೂ ಉಳಿಯಬೇಕು ಎನ್ನುವುದೊಂದೇ ಮನೆಯವರ ಉಸಿರಿನಲ್ಲಿತ್ತು. ಬಾಯಿಬಿಟ್ಟು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಈ ಮಹಾರಾಯಿತಿಗೆ ಬಂದ ಬಯಕೆಯಾದರೂ ಏನು? ಹಸಿ ಕ್ಯಾರೆಟ್ಟು. ಮಾವಿನಕಾಯಿ ಬೇಡ, ಹುಣಸೆ ಬೇಡ.

ಕ್ಯಾರೆಟ್ಟಿಗೇನು ಬರವೇ, ಹೊಲದ ತುಂಬ ಅದೇ ಇತ್ತು. ಆದರೆ ಹೊಲಕ್ಕೆ ನೀರು ಬರುತ್ತಿದ್ದುದು ಕಾಲುವೆಯಿಂದ. ಮೇಲ್ಗಡೆ ಹೊಸ ಬಡಾವಣೆ ಎದ್ದ ಮೇಲೆ ಅಲ್ಲಿಯ ಚರಂಡಿಯೂ ಅದೇ ಕಾಲುವೆಗೆ ಸೇರುತ್ತಿತ್ತು. ಆ ನೀರಿಗೆ ಗಡ್ಡೆ ದಪ್ಪಗೆ ಇಳಿಯುತ್ತದೆ ಎಂದು ಊರವರಿಗೆಲ್ಲ ಒಳಗೊಳಗೇ ಖುಷಿ. ಅಪ್ಪನಿಗೂ ಖುಷಿಯೇ.

"ಹೊಲದ್ದು ಮುಟ್ಬೇಡ ಕಣಮ್ಮಿ. ನಿಂಗೇ ಅಂತ ಬೇರೆ ಹಾಕ್ತೀನಿ," ಎಂದ ಅಪ್ಪ.

ಕುಡಿಯುವ ನೀರಿನ ಬಾವಿಯ ಪಕ್ಕ ಒಂದು ಪಾತಿ ಮಾಡಿದ. ಹಸಿ ಸಗಣಿ ಹಾಕಲಿಲ್ಲ. ವರ್ಷವಿಡೀ ಕೊಳೆತು ಕಾಫಿಪುಡಿಯಂತಾಗಿದ್ದ ತಿಪ್ಪೆಗೊಬ್ಬರವನ್ನು ಜರಡಿ ಹಿಡಿದು ಹಾಕಿದ. ಸುತ್ತ ಮುಳ್ಳುಬೇಲಿ ಕಟ್ಟಿದ. ಕೋಳಿಗಳು ಕುಕ್ಕೆಯ ಕೆಳಗೆ ಸೇರಿದವು, ನಾಯಿಗೆ ಸರಪಳಿ ಬಿತ್ತು. ನೀರು ಸೇದಿ ಹಾಕುವ ಕೆಲಸ ನನ್ನ ತಲೆಗೆ ಬಂತು. ಅದಕ್ಕೂ ಮೊದಲು ಅಪ್ಪನೂ ನಾನೂ ಸೋಪು ಹಾಕಿ ಕೈ ತೊಳೆಯಬೇಕು.

"ದೇವ್ರ ಮನೆಗೂ ನೀನಿಷ್ಟು ಕೈ ತೊಳ್ಕೊಂಡು ಹೋಗಲ್ವಲ್ಲಪ್ಪ," ಅಂದೆ.

"ಬಾಯ್ಮುಚ್ಕೊಂಡು ನೀರು ಸೇದು."

ಸೇದಿದೆ. ಮಂಜಿನಲ್ಲಿ ರಾಟೆಯ ಕಿರ್ರೆನ್ನುವ ಸದ್ದು ಎಲ್ಲಿಂದಲೋ ಬಂದಂತಿರುತ್ತಿತ್ತು. ಅಕ್ಕ ಬಾವಿಕಟ್ಟೆಯ ಮೇಲೆ ಕೂತು, ಎಳೆ ಸೊಪ್ಪು ಮೇಲೇಳುವುದನ್ನು ನೋಡುತ್ತ ಗಂಟೆಗಟ್ಟಲೆ ಕಳೆಯುತ್ತಿದ್ದಳು. ಸೊಪ್ಪಿನ ಜತೆ ಅವಳ ಹೊಟ್ಟೆಯೂ ಬೆಳೆಯಿತು. ಆ ದಿನಗಳಲ್ಲಿ ನನಗೆ ಎಷ್ಟು ಸುಖವಿತ್ತೋ ಅಷ್ಟೇ ಭಯವೂ ಇತ್ತು.

ಹೊಲದ ಕ್ಯಾರೆಟ್ ಕಿತ್ತ ದಿನವೇ ಅಪ್ಪ ಪಾತಿಯದನ್ನೂ ಕಿತ್ತ. ಅತ್ತ ಕಾಲುವೆ ನೀರು ತುಂಬಿದ ಗುಂಡಿಯಲ್ಲಿ ಹೆಂಗಸರು ಸೀರೆ ಎತ್ತಿಕಟ್ಟಿ, ರಾಶಿಯನ್ನು ಕಾಲಲ್ಲಿ ತುಳಿದು ತೊಳೆಯುತ್ತಿದ್ದರು. ತೆಲುಗು, ತಮಿಳು, ಕನ್ನಡ ಎಲ್ಲ ಕಲಸಿ ನಗುತ್ತಿದ್ದರು. ಇತ್ತ ಅಪ್ಪ ಬಾವಿ ನೀರಿನಲ್ಲಿ ಎರಡು ಕ್ಯಾರೆಟ್ ತೊಳೆದು ಅಕ್ಕನ ಕೈಗಿಟ್ಟ. ಅವಳು ಗುಂಡಿಯ ಕಡೆಗೇ ನೋಡುತ್ತಿದ್ದಳು.

"ಅವು ಎಲ್ಲಿಗೋಗ್ತವಪ್ಪ?"

"ಹೊಸೂರು ಮಾರ್ಕೆಟ್ಟಿಗೆ. ಇನ್ನೆಲ್ಲಿಗೆ?"

"ಅಲ್ಲಿ ಬಸುರೀರು ತಗಳಲ್ವಾ?"

"ಬೇಯಿಸ್ಕೊಂಡು ತಿಂತಾರೆ, ಬಿಡು."

"ಹೋದ್ಸಲ ನಾನೂ ಅಲ್ಲಿಂದ್ಲೇ ತರಿಸ್ಕೊತಿದ್ದೆ. ಹಸೀದೇ ತಿಂತಿದ್ದೆ. ಯಾರ ಹೊಲದ್ದೋ ಏನೋ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಯಾರೆಟ್ಟುಗಳನ್ನು ಬಾವಿಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಲಾರಿಯ ಹತ್ತಿರದಿಂದ ವ್ಯಾಪಾರಿ ತಮಿಳಿನಲ್ಲಿ, "ಏತ್ತಲಾಮಾ ಅಣ್ಣಾ?" ಎಂದು ಕೂಗಿದ, ತುಂಬಬಹುದಾ ಎಂದು. ಅಪ್ಪ ಬಾವಿಕಟ್ಟೆಯ ಮೇಲಿನ ಕ್ಯಾರೆಟ್ಟುಗಳನ್ನೇ ನೋಡುತ್ತಿದ್ದ. ವ್ಯಾಪಾರಿ ತಾನೇ ತುಂಬಿಸಿಕೊಂಡು ಹೋದ. ಲಾರಿ ಮಂಜಿನಲ್ಲಿ ಮರೆಯಾಯಿತು.

ಮಾರನೆಯ ದಿನ ಅಪ್ಪ ಕಾಲುವೆಯಿಂದ ನಮ್ಮ ಹೊಲಕ್ಕಿದ್ದ ಬಾಯಿಯನ್ನು ಹೆಂಟೆ, ಕಲ್ಲು ತುಂಬಿ ಮುಚ್ಚಿದ. ಆಮೇಲೆ ಅದನ್ನು ತೆರೆದದ್ದು ಕೆಳಗಿನ ತುಂಡಿಗೆ ಹಾಕಿದ ಹಿಪ್ಪುನೇರಳೆಗೆ ಮಾತ್ರ. ಬಾವಿ ನೀರು ಎಲ್ಲಿಯವರೆಗೆ ಹರಿಯಿತೋ ಅಲ್ಲಿಯವರೆಗಷ್ಟೇ ಕ್ಯಾರೆಟ್. ತೊಳೆಯುವ ಗುಂಡಿಗೂ ಅದೇ ನೀರು. ಗಡ್ಡೆ ಸಣ್ಣದಾಗಿ ಬಂತು. "ಏನ್ಲಾ, ಮೆಣಸಿನಕಾಯಿ ಬೆಳ್ದಿದ್ದೀಯಾ?" ಎಂದು ಪಕ್ಕದ ಹೊಲದವನು ರೇಗಿಸಿದ. ಅಪ್ಪ ನಕ್ಕ. ಬಂದ ದುಡ್ಡು ಎಣಿಸಿದ ಅವ್ವ ಮಾತ್ರ ನಗಲಿಲ್ಲ.

ಅಕ್ಕನಿಗೆ ಹೆಣ್ಣು ಮಗುವಾಯಿತು, ಗಟ್ಟಿಯಾಗಿತ್ತು. ಹೆರುವವರೆಗೂ, ಹೆತ್ತ ಮೇಲೂ ಅವಳು ಕ್ಯಾರೆಟ್ ಮುಟ್ಟಿರಲಿಲ್ಲ. ನಾವೂ ಕೇಳಿರಲಿಲ್ಲ.

ಮರುವರ್ಷ ಅದೇ ಮಂಜು, ಅದೇ ಲಾರಿ. ತವರಿಗೆ ಬಂದಿದ್ದ ಅಕ್ಕ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಗುಂಡಿಯ ಹತ್ತಿರ ಬಂದಳು. ಮೊದಲು ಗೆಜ್ಜೆ ಕೇಳಿತು, ಆಮೇಲೆ ಇಬ್ಬರೂ ಕಂಡರು. ವ್ಯಾಪಾರಿ ಎಂದಿನಂತೆ, "ಏತ್ತಲಾಮಾ ಅಣ್ಣಾ?" ಎಂದ. ಅಪ್ಪ ಲಾರಿಗೆ ಹೋಗುವ ರಾಶಿಗೆ ಕೈ ಹಾಕಿದ. ನೋಡಿ ಆರಿಸಲಿಲ್ಲ, ಕೈಗೆ ಸಿಕ್ಕಿದ್ದೊಂದನ್ನು ಎತ್ತಿ ಅಕ್ಕನ ಕಡೆ ಚಾಚಿದ.

ಅಕ್ಕ ನಿಂತಲ್ಲೇ ಕಚ್ಚಿದಳು. ಸೊಪ್ಪಿನ ಬುಡದವರೆಗೂ ತಿಂದಳು.

ಅಪ್ಪ ವ್ಯಾಪಾರಿಯ ಕಡೆ ತಿರುಗಿ, "ಏತ್ತುಪ್ಪಾ," ಎಂದ.